ಹನೀಫೆಯ ಪಕ್ಕದ ಜಾಗ

ಜರ್ಮನಿಯ ಈ ನಮ್ಮ ಗಣಿಯೂರಿನ ತುರ್ಕರಲ್ಲಿ ಸತ್ತರೂ ಇಲ್ಲಿಯ ಮಣ್ಣಿಗೇ ಹೋಗುತ್ತೇನೆಂದು ಹಟ ಹಿಡಿದವನು ದುರ್ಸುನ್ ಒಬ್ಬನೇ. ಉಳಿದ ನಾವೆಲ್ಲ ಮಸೀದಿಯ ನಿಧಿಗೆ ಹೆಸರು ಕೊಟ್ಟವರು. ಸತ್ತರೆ ಪೆಟ್ಟಿಗೆ ವಿಮಾನ ಹತ್ತುತ್ತದೆ, ಹುಟ್ಟೂರು ಸೇರುತ್ತದೆ. ದುರ್ಸುನನ ಹೆಂಡತಿ ಹನೀಫೆ ತೀರಿಕೊಂಡಾಗ ಅವಳ ಅಣ್ಣಂದಿರು ತುರ್ಕಿಯ ಯೋಜ್ಗಾತ್‌ನಿಂದ ಫೋನಿನಲ್ಲೇ ಕೂಗಾಡಿದರು. ಇವನು ಜಗ್ಗಲಿಲ್ಲ. ಇಲ್ಲೇ ಹೂಳಿದ, ಪಕ್ಕದ ಜಾಗ ತನಗೆಂದು ಹಿಡಿದಿಟ್ಟ.

ಮಸೀದಿಯ ಚಹಾ ಕೋಣೆಯಲ್ಲಿ ನಾನು ಅವನನ್ನು ಕೆಣಕುತ್ತಿದ್ದೆ. "ದುರ್ಸುನಣ್ಣ, ಗೋರಿಯೊಳಗೆ ದೇವದೂತರು ಬಂದು ಪ್ರಶ್ನೆ ಕೇಳಿದ್ರೆ ಜರ್ಮನ್‌ನಲ್ಲಿ ಉತ್ತರ ಕೊಡ್ತೀಯಾ?"

"ಪಾಳಿ ಮುಗಿಸಿ ಈಗಷ್ಟೇ ಮಲಗಿದೀನಿ, ಆಮೇಲೆ ಬನ್ರಪ್ಪ ಅಂತೀನಿ. ಬೆವರು ಸುರಿದಿದ್ದೆಲ್ಲ ಇಲ್ಲಿ, ಮೂಳೆ ಮಾತ್ರ ಅಲ್ಲಿಗ್ಯಾಕೋ?"

ದಿನಾ ಬೆಳಿಗ್ಗೆ ಹನೀಫೆಯ ಗೋರಿಯ ಹೂಗಿಡಗಳಿಗೆ ನೀರು ಹಾಕುವುದು ಅವನ ಕೆಲಸ. ಸ್ಮಶಾನದ ದಾರಿಯ ಈಚೆಗೆ ನಮ್ಮವರು, ಆಚೆಗೆ ಜರ್ಮನರು; ನಲ್ಲಿ ಒಂದೇ. ಅಲ್ಲಿ ಪರಿಚಯವಾದವಳು ಕ್ರೋಲಮ್ಮ, ಗಂಡನನ್ನು ಕಳೆದುಕೊಂಡ ಜರ್ಮನ್ ಮುದುಕಿ. ಇವನು ಊರಿಗೆ ಹೋದರೆ ಅವಳು ಹನೀಫೆಗೆ ನೀರು ಹಾಕುವಳು. ಅವಳ ಮಂಡಿನೋವು ಹೆಚ್ಚಾದರೆ ಇವನು ಅವಳ ಗಂಡನಿಗೆ. ವರ್ಷಾನುಗಟ್ಟಲೆ ಹೀಗೇ ನಡೆಯಿತು.

ಹೋದ ವರ್ಷ ಮಂತ್ರಿಯೊಬ್ಬರು ಟೀವಿಯಲ್ಲಿ ನಮಗೊಂದು ಹೆಸರಿಟ್ಟರು, 'ಬೆರೆಯದ ಜನ' ಅಂತ. ಹಾಳಾಗಿ ಹೋಗಲಿ, ಹೆಸರು ನಮಗೆ ಹೊಸದೇ? ಅತಿಥಿ ಕೆಲಸಗಾರರು ಅಂದರು, ಪರದೇಶಿ ಅಂದರು, ಕೇಳೀ ಕೇಳೀ ಕಿವಿ ದಣಿದಿತ್ತು. ಈ ಸಲ ಮಾತ್ರ ಪೇಪರಿನಲ್ಲಿ ನಮ್ಮ ಬೀದಿಯ ಫೋಟೋವೇ ಬಂತು.

ಮರುದಿನ ನಲ್ಲಿಯ ಹತ್ತಿರ ಕ್ರೋಲಮ್ಮ ದುರ್ಸುನನ ಕೈ ಹಿಡಿದು ಸಮಾಧಾನ ಹೇಳಿದಳಂತೆ. "ನೀವ್ಯಾಕೆ ಬೇಜಾರ್ ಮಾಡ್ಕೋತೀರಿ? ಅದು ನಿಮಗಂದಿದ್ದಲ್ಲ. ತಲೆಗೆ ಬಟ್ಟೆ ಸುತ್ಕೊಂಡು, ನಮ್ ಭಾಷೆ ಒಂದಕ್ಷರ ಕಲೀದೆ ಮನೇಲೇ ಕೂತಿರ್ತಾರಲ್ಲ, ಆ ಹೆಂಗಸರಿಗೆ."

ಹನೀಫೆ ಸಾಯುವವರೆಗೂ ತಲೆವಸ್ತ್ರ ತೆಗೆದವಳಲ್ಲ. ಜರ್ಮನ್‌ನಲ್ಲಿ ಅವಳಿಗೆ ಬರುತ್ತಿದ್ದುದು ನಮಸ್ಕಾರ, ಬ್ರೆಡ್ಡು, ನೋವು, ಇಷ್ಟೇ. ಅವಳ ಗಿಡಕ್ಕೆಂದು ದುರ್ಸುನನಿಗೆ ತುಂಬಿಸಿಕೊಟ್ಟ ನೀರಿನ ಡಬ್ಬ ಆಗ ಕ್ರೋಲಮ್ಮನ ಇನ್ನೊಂದು ಕೈಯಲ್ಲೇ ಇತ್ತು.

ದುರ್ಸುನ್ ಅಲ್ಲಿಂದ ನೇರ ಮಸೀದಿಗೆ ಬಂದ. ನಿಧಿ ನೋಡಿಕೊಳ್ಳುವವನು ನಾನೇ.

"ನನ್ ಹೆಸರೂ ಸೇರಿಸ್ಕೊಳ್ಳೋ. ನನ್ನನ್ನೂ ಊರಿಗೇ ಕಳಿಸಿಬಿಡಿ."

ಕೊನೆಗೂ ದಾರಿಗೆ ಬಂದೆಯಾ ಎಂದು ನಾನು ನಗಬೇಕಿತ್ತು. ನಡೆದದ್ದನ್ನು ಅವನ ಬಾಯಿಂದ ಕೇಳಿದ ಮೇಲೆ ಹೆಸರು ಬರೆಯಲು ತೆಗೆದ ಪೆನ್ನು ಕೆಳಗಿಟ್ಟೆ.

"ಮತ್ತೆ ಅತ್ತಿಗೆ?" ಅಂದೆ.

ಅವನು ಮುಂದಿಟ್ಟ ಚಹಾ ಪಕ್ಕಕ್ಕೆ ಸರಿಸಿದ.

"ಬೇಡ, ಬಿಡು," ಅಂದ. "ಈ ದೇಶ ನಂದು ಅಂತ ಇನ್ಮೇಲೆ ಯಾರ ಹತ್ರಾನೂ ವಾದ ಮಾಡಲ್ಲ, ಸುಸ್ತಾಗಿದೆ ಕಣೋ. ಆದ್ರೆ ಅವಳೊಬ್ಳನ್ನೇ ಇವರ ಮಧ್ಯೆ ಬಿಟ್ಟು ಹ್ಯಾಗೆ ಹೋಗ್ಲಿ? ಭಾಷೆ ಬೇರೆ ಬರಲ್ಲ ಅವಳಿಗೆ."