ಶಿರಾದಲ್ಲಿ ಮಲಗಿ ನೇಯ್ದ ಕಂಬಳಿ

ಯಾರಾದರೂ ಕನಸು ಹೇಳಲು ಕೂತರೆ ನಾನು ಎದ್ದು ಹೋಗುತ್ತಿದ್ದವನು. ಕನಸೆಂದರೆ ಹೊಟ್ಟೆ ಕೆಟ್ಟದ್ದರ ಗುರುತು, ಅಷ್ಟೇ ಎಂದುಕೊಂಡಿದ್ದೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಡೆದದ್ದನ್ನು ಈಗ ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದಿಲ್ಲ. ನಾನೂ ಕೆಲವು ದಿನ ನಂಬುತ್ತೇನೆ, ಕೆಲವು ದಿನ ಇಲ್ಲ.

ಮಿಡಿಗೇಶಿ ಹತ್ತಿರದ ಹಳ್ಳಿಯಲ್ಲಿ ನಾನು ಕಂಬಳಿ ನೇಯುತ್ತಿದ್ದೆ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಮಗ್ಗ, ಮನೆಯ ನಡುವೆಯೇ ಇತ್ತು. ನನ್ನ ಹೆಂಡತಿ ಈರಕ್ಕನಿಗೆ ಉಬ್ಬಸ. ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ರಾಗಿ ಮೂಟೆಗೆ ಒರಗಿ ಕೂತೇ ನಿದ್ದೆ ಮಾಡುತ್ತಿದ್ದಳು. ಅದೂ ಮಗ್ಗದ ಸದ್ದು ಇದ್ದರೆ ಮಾತ್ರ. ನೂಲನ್ನು ಬಡಿದು ಕೂರಿಸುವ ಆ ಒಂದೇ ಸಮನಾದ ಸದ್ದು ನಿಂತರೆ ಅವಳಿಗೆ ಎಚ್ಚರವಾಗುತ್ತಿತ್ತು. ಹಾಗಾಗಿ ಬುಡ್ಡಿ ಹಚ್ಚಿಕೊಂಡು ರಾತ್ರಿಯೇ ಹೆಚ್ಚು ನೇಯುತ್ತಿದ್ದೆ. ನಿದ್ದೆಯಾದ ದಿನ ಅವಳ ಎದೆ ಹಗುರವಾಗಿರುತ್ತಿತ್ತು. ನಿದ್ದೆಗೆಟ್ಟ ದಿನ ಬಿಂದಿಗೆ ಎತ್ತಲೂ ಆಗುತ್ತಿರಲಿಲ್ಲ.

ಉಣ್ಣೆಯ ಧೂಳಿನಿಂದಲೇ ಕಾಯಿಲೆ ಹೆಚ್ಚುತ್ತಿದೆ, ಮಗ್ಗ ಆಚೆ ಹೋಗಬೇಕು ಎಂದರು ಡಾಕ್ಟರು. ಸರಿಯಾದ ಮಾತೇ. ಮಗ್ಗ ಬಿಚ್ಚಿ ಊರ ಅಂಚಿನಲ್ಲಿದ್ದ ಅಣ್ಣನ ಕೊಟ್ಟಿಗೆಯಲ್ಲಿ ಹೂಡಿದೆ. ಮನೆಯ ಗುಂಡಿಗೆ ಕಲ್ಲುಚಪ್ಪಡಿ ಮುಚ್ಚಿದೆ. ಆಮೇಲೆ ಎರಡು ತಿಂಗಳು ಅವಳು ಒಂದು ರಾತ್ರಿಯೂ ಸರಿಯಾಗಿ ನಿದ್ದೆ ಮಾಡಲಿಲ್ಲ. "ಧೂಳ್ ಗುಡಿಸೋಕೋಗಿ ನಿದ್ದೇನೂ ಗುಡಿಸ್ಬುಟ್ಟೆ," ಎಂದು ಒಮ್ಮೆ ನಕ್ಕಳು. ನಗುವಾಗಲೂ ಏದುಸಿರು.

ಉಣ್ಣೆ ತರಲು ಶಿರಾಕ್ಕೆ ಹೋಗಬೇಕಾಯಿತು. ಈರಕ್ಕನ ಜೊತೆಗೆ ಅವಳ ಅಕ್ಕನನ್ನು ಬಿಟ್ಟು ಹೋದೆ. ರಾತ್ರಿ ಉಣ್ಣೆ ಮಾರುವ ಸಾಹುಕಾರರ ಅಂಗಡಿಯ ಹಿಂದಿನ ಜಗಲಿಯಲ್ಲಿ ಮಲಗಿದೆ. ಕನಸಿನಲ್ಲಿ ಮನೆಯ ಹಳೆಯ ಗುಂಡಿಯಲ್ಲೇ ಕೂತು ನೇಯುತ್ತಿದ್ದೆ. ಬೇರೇನೂ ನಡೆಯಲಿಲ್ಲ, ರಾತ್ರಿಯೆಲ್ಲ ಬರೀ ನೇಯ್ಗೆ. ಕೊನೆಗೆ ಅಡ್ಡಕ್ಕೆ ಹಾಯಿಸುವ ಹೊಕ್ಕಿನ ನೂಲು ಮುಗಿದು ಎಚ್ಚರವಾಯಿತು. ಇನ್ನೂ ಕೋಳಿ ಕೂಗಿರಲಿಲ್ಲ. ಎರಡೂ ಭುಜ ನೋಯುತ್ತಿದ್ದವು.

ಮಧ್ಯಾಹ್ನ ಊರಿಗೆ ಬಂದಾಗ ಈರಕ್ಕ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮುಖ ತಿಳಿಯಾಗಿತ್ತು.

"ಅಲ್ಲಾ, ಕೋಳಿ ಕೂಗೋಕ್ಮುಂಚೆ ಯಾಕ್ ನಿಲ್ಲಿಸ್ಬುಟ್ಟೆ? ಇನ್ನೊಸಿ ಹೊತ್ತು ನೇಯ್ದಿದ್ರೆ ಕೈ ಸವೀತಿತ್ತಾ?" ಎಂದಳು.

ಒಳಗಿನಿಂದ ಬಂದ ಅವಳ ಅಕ್ಕ, "ಲೇ, ನಿನ್ ಗಂಡ ಸಿರಾದಾಗಿದ್ದ ಕಣೇ. ನಂಗಂತೂ ಯಾವ್ ಸದ್ದೂ ಕೇಳ್ಲಿಲ್ಲ," ಎಂದು ರೇಗಿ, ನನ್ನ ಕಡೆ ತಿರುಗಿದಳು. "ನಿದ್ದೆ ಮಾಡಿದ್ದಂತೂ ದಿಟ ಕಣಪ್ಪ. ಉಸ್ರು ಐತೋ ಇಲ್ವೋ ಅಂತ ಎರಡ್ ಸಲ ಮೂಗಿನ್ ತಾವ ಕೈ ಇಟ್ ನೋಡ್ದೆ."

ಕನಸಿನ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. "ನೂಲು ಮುಗೀತು," ಎಂದೆ.

"ಇವತ್ತು ಜಾಸ್ತಿ ಇಟ್ಕೊ."

ಆ ರಾತ್ರಿ ನೂಲಿನ ಉಂಡೆಗಳನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗಿದೆ. ನನಗೆ ನಿದ್ದೆ ಬಂದು ಕನಸಿನಲ್ಲಿ ನೇಯ್ದರೆ ಅವಳಿಗೂ ನಿದ್ದೆ ಬಂದೀತು ಎಂಬ ಆಸೆ. ಆ ಆಸೆಯಿಂದಲೇ ನನಗೆ ನಿದ್ದೆ ಹತ್ತಲಿಲ್ಲ. ಕತ್ತಲಲ್ಲಿ ಅವಳ ಉಸಿರು ಸೀಟಿ ಹೊಡೆಯುವುದನ್ನು ಕೇಳುತ್ತ ಬಿದ್ದುಕೊಂಡಿದ್ದೆ. ಮರುದಿನವೂ ಹಾಗೆಯೇ. ಮಗ್ಗವನ್ನೇ ವಾಪಸು ತಂದು ಹೂಡಬಹುದಿತ್ತು, ಡಾಕ್ಟರ ಮಾತಿಗೆ ಹೆದರಿದೆ. ಒಂಬತ್ತನೆಯ ದಿನ ಬೆಳಗಿನ ಜಾವ ಅವಳು ಹೋದಳು, ಕಣ್ಣು ತೆರೆದುಕೊಂಡೇ.

ನಾನು ಶಿರಾದಲ್ಲಿದ್ದ ರಾತ್ರಿ ಅವಳು ಕೇಳಿದ್ದು ಏನನ್ನು? ಬಹಳ ದಿನ ಯೋಚಿಸಿದ್ದೇನೆ, ತಿಳಿದಿಲ್ಲ. ತಿಥಿ ಮುಗಿದ ಮೇಲೆ ಚಪ್ಪಡಿ ತೆಗೆದು ಮಗ್ಗವನ್ನು ಮನೆಯಲ್ಲೇ ಹೂಡಿದೆ. ಈಗ ಸದ್ದು ನಿಂತರೆ ಎಚ್ಚರಗೊಳ್ಳುವವರು ಯಾರೂ ಇಲ್ಲ. ಆದರೂ ನೇಯಲು ಕೂರುವಾಗ, ಒಂದು ಉಂಡೆ ಮುಗಿದ ತಕ್ಷಣ ಕೈಗೆ ಸಿಗುವ ಹಾಗೆ ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಂಡೇ ಕೂರುತ್ತೇನೆ.