ಬಾಣಲಿಗೆ ಸೂಟಿ

ನನ್ನ ಮೊಬೈಲಿಗೆ ದಿನವೂ ಯಾರೋ ಅಭಿನಂದನೆ ಹೇಳುತ್ತಾರೆ. ನಾನು ಏನೂ ಗೆದ್ದಿಲ್ಲ. ಒಬ್ಬರು ಫ್ಲ್ಯಾಟು ಮಾರುತ್ತಾರೆ, ಒಬ್ಬರು ತೂಕ ಇಳಿಸುವ ಪುಡಿ. ಊಟದ ತಟ್ಟೆಯಲ್ಲಿ ಕೂದಲು ಸಿಕ್ಕಂತೆ ಹೇಸಿಕೆಯಾಗುತ್ತದೆ. ಈ ಹೇಸಿಕೆ ನನಗೆ ಹತ್ತಿದ್ದು ಯಾವಾಗ ಎಂಬುದು ಚೆನ್ನಾಗಿ ನೆನಪಿದೆ, ಯಾಕೆಂದರೆ ಅಂಥದೊಂದು ಮೆಸೇಜು ಒಮ್ಮೆ ನನ್ನ ಮನೆಯಿಂದಲೇ ಹೋಗಿತ್ತು.

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬಾಗಲಕೋಟೆ ಕಡೆಯಿಂದ ಲಗ್ನವಾಗಿ ಪುಣೆಗೆ ಬಂದವಳು. ನಮ್ಮ ಮನೆಯವರು ಸದಾಶಿವ ಪೇಠಿನ ಒಂದು ಅಂಗಡಿಯಲ್ಲಿ ಕಾರಕೂನರು. ತೊಂಬತ್ತರ ಆಚೀಚೆ ನಾನು ದೀಪಾವಳಿಯ ಫರಾಳ ಮಾಡಿಕೊಡಲು ಶುರು ಮಾಡಿದೆ. ಚಕ್ಕಲಿ, ಕರ್ಚಿಕಾಯಿ, ಶಂಕರಪಾಳಿ, ಬೇಸನ್ ಉಂಡಿ. ಮೊದಲು ಓಣಿಯ ತುದಿಯ ಪಿಸಿಓದಲ್ಲಿ ಸಾಲಿಗೆ ನಿಂತು ಗಿರಾಕಿಗಳಿಗೆ ಫೋನ್ ಮಾಡುತ್ತಿದ್ದೆ. ಆಮೇಲೆ ಮನೆಗೇ ಫೋನ್ ಬಂತು. ಅದು ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಿದ್ದು ನಾನೇ.

ದಸರೆ ಮುಗಿದ ಮರುದಿನ ಡೈರಿ ಬಿಚ್ಚಿಕೊಂಡು ಒಬ್ಬೊಬ್ಬರಿಗೂ ಫೋನ್ ಹಚ್ಚುತ್ತಿದ್ದೆ. ಚಕ್ಕಲಿಯ ಮಾತು ಮೊದಲಿಗೆ ತೆಗೆಯುತ್ತಿರಲಿಲ್ಲ. ಎಲ್ಲರೂ ಆರಾಮ ಇದ್ದೀರಾ ಎಂದು ಕೇಳಿ ಸುಮ್ಮನಿರುತ್ತಿದ್ದೆ. ಉತ್ತರ ಮಾತಿಗಿಂತ ಮೊದಲು ದನಿಯಲ್ಲೇ ಬರುತ್ತಿತ್ತು. ನಮ್ಮ ಕಡೆ ಒಂದು ಪದ್ಧತಿ ಇದೆ, ಇಲ್ಲಿಯ ಮರಾಠಿ ಮಂದಿಯಲ್ಲೂ ಇದೆ. ಯಾರಾದರೂ ತೀರಿಕೊಂಡ ವರ್ಷ ಆ ಮನೆಯಲ್ಲಿ ದೀಪಾವಳಿಗೆ ಬಾಣಲಿ ಇಡುವುದಿಲ್ಲ. ಕೊಂಡು ತಿನ್ನುವುದೂ ಇಲ್ಲ. ಕರಿದ ತಿಂಡಿ, ತಮಗೆ ಬೇಕಾದವರ ಮನೆಯಿಂದ ತಾನಾಗಿ ಬರಬೇಕು. "ಈ ಸಲ ನಮ್ಮಲ್ಲಿ ಇಲ್ಲರಿ" ಎಂದು ಯಾರಾದರೂ ಅಂದರೆ ನಾನು ಮುಂದೆ ಕೇಳುತ್ತಿರಲಿಲ್ಲ. ಡೈರಿಯಲ್ಲಿ ಆ ಹೆಸರಿನ ಮಗ್ಗುಲಿಗೆ ಒಂದು ಗೀಟು ಎಳೆಯುತ್ತಿದ್ದೆ, ಹಬ್ಬದ ದಿನ ನನ್ನ ಸ್ಟೀಲ್ ಡಬ್ಬಿ ತುಂಬಿಸಿ ಕೊಟ್ಟು ಬರುತ್ತಿದ್ದೆ. ಬೇರೆ ವರ್ಷವಾದರೆ ಡಬ್ಬಿ ಬರಿದಾಗಿ ತಿರುಗಿ ಬರುವುದಿಲ್ಲ, ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಡುತ್ತಾರೆ. ಸಾವಾದ ವರ್ಷ ಮಾತ್ರ ಬರಿದೇ ಬರಬೇಕು. ಅದೇ ರೀತಿ, ಅದೇ ಮರ್ಯಾದೆ.

ಇನ್ನು ನನ್ನ ಮೊಮ್ಮಗಳು. ಅವಳು ಹುಟ್ಟಿದಾಗ ನಾವಿದ್ದ ವಾಡೆಯ ಎಲ್ಲ ಮನೆಗೂ ಪೇಢೆ ಹಂಚಿದವಳು ನಾನು. ಅವಳ ಮಾತು ಬಂದರೆ ಇವತ್ತಿಗೂ ನನ್ನ ಬಾಯಿ ನಿಲ್ಲುವುದಿಲ್ಲ, ಓದುವವರು ಸಹಿಸಿಕೊಳ್ಳಬೇಕು. ಎರಡು ಸಾವಿರದ ಐದೋ ಆರೋ ಇರಬೇಕು, ಅವಳು ಕಾಲೇಜಿನಲ್ಲಿದ್ದಳು. ಅಜ್ಜಿಯ ದಂಧೆಯನ್ನು ಇಂಟರ್‌ನೆಟ್ಟಿಗೆ ಹತ್ತಿಸುತ್ತೇನೆಂದು ಹಟ ಹಿಡಿದಳು. ಸಣ್ಣ ವ್ಯಾಪಾರಿಗಳಿಗೆ ಭಾನುವಾರದ ಸೂಟಿಯಲ್ಲಿ ಅದನ್ನೇ ಕಲಿಸುವ ಒಬ್ಬ ಸರ್ ಅವಳಿಗೆ ಸಿಕ್ಕಿದ್ದ. ಹಿಂಜವಾಡಿಯ ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ, ಬೆಂಗಳೂರು ಕಡೆಯವನು.

ಅವನು ಬಂದು ನನ್ನ ಮಂಚದ ಮೇಲೆ ಕುಳಿತು ಚಕ್ಕಲಿ ತಿಂದ. ರುಚಿಯಾಗಿದೆ ಎಂದ, ಚಕ್ಕಲಿಯ ಕಡೆ ನೋಡದೆ. ಅದೇ ಎಣ್ಣೆಗೈಯಲ್ಲಿ ಕಂಪ್ಯೂಟರಿನ ಗುಂಡಿ ಒತ್ತಿದ. ನನ್ನ ಹೆಸರಿನಲ್ಲಿ ವೆಬ್‌ಸೈಟ್ ಮಾಡಿದ, ಫೋಟೋ ಹಾಕಿದ್ದು ಬೇರೆ ಯಾವಳೋ ಮುದುಕಿಯದು. ಅವಳ ಮೂಗಿನಲ್ಲಿ ನತ್ತು, ಮೈಮೇಲೆ ಒಂಬತ್ತು ವಾರಿ ಸೀರೆ. ನಾನು ಹುಟ್ಟಿದಾಗಿನಿಂದ ನತ್ತು ಇಟ್ಟವಳಲ್ಲ. ಕೆಳಗೆ ನೂರು ವರ್ಷದ ರುಚಿ ಎಂದು ಬರೆದ. ಶಂಕರಪಾಳಿಯನ್ನು ನಾನು ಪುಣೆಗೆ ಬಂದ ಮೇಲೆ ನೆರೆಮನೆಯ ಮರಾಠಿ ವಹಿನಿಯಿಂದ ಕಲಿತದ್ದು. ಎಷ್ಟು ಜನ ನೋಡಿದರು ಎಂದು ತೋರಿಸುವ ಅಂಕಿಯನ್ನು ಸೊನ್ನೆಯಿಂದ ಶುರು ಮಾಡಬಾರದು, ಐದು ಸಾವಿರದಿಂದ ಮಾಡಬೇಕು ಎಂದ. ಯಾರೂ ಬಾರದ ಮನೆಯ ಮುಂದೆ ತಾನೇ ಚಪ್ಪಲಿ ಸಾಲು ಬಿಟ್ಟಂತೆ. ಮೊಮ್ಮಗಳ ಮುಖ ಅರಳಿತ್ತು, ಅದಕ್ಕಾಗಿ ಬಾಯಿಗೆ ಬಂದ ಬೈಗುಳ ನುಂಗಿಕೊಂಡೆ.

ಆಮೇಲೆ ಅವಳು ನನ್ನ ಡೈರಿ ಇಟ್ಟುಕೊಂಡು ಹೆಸರು, ನಂಬರು, ಏನು ಬೇಕು ಎಂಬ ಮೂರು ಕಾಲಂ ತುಂಬಿಸಿದಳು. ಗೀಟು ಎಲ್ಲಿ ಹಾಕಬೇಕೆಂದು ಕೇಳಿದಳು. ಅದರ ಅರ್ಥ ಹೇಳಿದೆ, ಅವಳು ಸರ್‌ಗೆ ಹೇಳಿದಳು. ಅದಕ್ಕೆ ಕಾಲಂ ಬೇಕಾಗಿಲ್ಲ, ಹೆಸರು ನಂಬರು ಇದ್ದರೆ ಸಾಕು ಎಂದನಂತೆ. ದಸರೆ ಮುಗಿದಿತ್ತು. ಒಂದೇ ಗುಂಡಿ ಒತ್ತಿ ಎಲ್ಲರಿಗೂ ಮೆಸೇಜು ಕಳಿಸಿಬಿಟ್ಟರು. ಪ್ರತಿಯೊಬ್ಬರ ಹೆಸರನ್ನೂ ಯಂತ್ರವೇ ಹಾಕಿಕೊಳ್ಳುತ್ತಿತ್ತು. ಅಭಿನಂದನೆಗಳು, ಈ ದೀಪಾವಳಿಗೆ ನಿಮ್ಮ ಮನೆಯಾಕೆಯ ಬಾಣಲಿಗೆ ಸೂಟಿ ಕೊಡಿ, ಬೇಕಿದ್ದರೆ ಯೆಸ್ ಎಂದು ಉತ್ತರಿಸಿ.

ನನ್ನ ಹಳೆಯ ಗಿರಾಕಿಯೊಬ್ಬರಿದ್ದರು, ಬೆಳಗಾವಿ ಕಡೆಯ ನಿವೃತ್ತ ಶಿಕ್ಷಕಿ. ಟೀಚರನ್ನು ನಮ್ಮ ಕಡೆ ಕರೆಯುವಂತೆ ನಾವೆಲ್ಲ ಬಾಯಾರು ಎನ್ನುತ್ತಿದ್ದೆವು. ನಾನು ಒತ್ತಿದ ಮೊದಲ ಚಕ್ಕಲಿ, ಮುರಿದು ಪುಡಿಯಾದದ್ದನ್ನೂ, ಮುಖ ಮುರಿಯದೆ ತೆಗೆದುಕೊಂಡವರು. ಆ ವರ್ಷ ಗಣಪತಿ ಹಬ್ಬದ ಮುಂಚೆ ಅವರ ಯಜಮಾನರು ತೀರಿಹೋಗಿದ್ದರು. ಡೈರಿಯಲ್ಲಿದ್ದದ್ದು ಯಜಮಾನರ ಮೊಬೈಲ್ ನಂಬರು. ಅದರ ಮಗ್ಗುಲಿಗೆ ನಾನು ಎಳೆದ ಗೀಟೂ ಇತ್ತು.

ಆ ನಂಬರಿನಿಂದ ಉತ್ತರ ಮೊಮ್ಮಗಳ ಮೊಬೈಲಿಗೆ ಬಂತು. ಅವಳು ಗಟ್ಟಿಯಾಗಿ ಓದಿದಳು. "ಅವರು ಈಗ ಇಲ್ಲ. ಬಾಣಲಿಗೂ ಸೂಟಿ ಅದ." ಓದಿ ಮುಗಿಸಿ ಡೈರಿ ಬಿಚ್ಚಿ, ಆ ಹೆಸರಿನ ಮಗ್ಗುಲಿನ ಗೀಟಿನ ಮೇಲೆ ಬೆರಳಿಟ್ಟಳು.

ಸರ್ ಅಲ್ಲೇ ಇದ್ದ. ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. "ರೆಸ್ಪಾನ್ಸ್ ಬಂತು ಅಂದ್ರೆ ಗಿರಾಕಿ ಜೀವಂತವಾಗಿದ್ದಾರೆ ಅಂತ ಅರ್ಥ ಅಜ್ಜಿ. ಇಂಥವರಿಗೆ ನಾಳೆ ಇನ್ನೊಂದು ಮೆಸೇಜ್ ಕಳಿಸ್ಬೇಕು."

ಕೊಳೆತ ತೆಂಗಿನಕಾಯಿ ಒಡೆದಾಗ ಬರುತ್ತದಲ್ಲ, ಅಂಥ ನಾತ ಆ ಮಾತಿಗೆ ಇತ್ತು. ಎದ್ದು ಅವನ ಮುಂದಿನ ಚಕ್ಕಲಿ ತಟ್ಟೆ ಎತ್ತಿಕೊಂಡು ಒಳಗೆ ಹೋದೆ. ಬೈಯುವುದು ನನಗೆ ಬರುತ್ತದೆ, ಆದರೆ ತಿನ್ನುವವನ ಮುಂದಿನ ತಟ್ಟೆ ಎತ್ತಿದ್ದು ಜನ್ಮದಲ್ಲಿ ಅದೊಂದೇ ಸಲ. ಹೊರಗೆ ಬರುವಷ್ಟರಲ್ಲಿ ಮೊಮ್ಮಗಳು ಅವನಿಗೆ ಇನ್ನು ಬರಬೇಡಿ ಎಂದು ಹೇಳಿ ಕಳಿಸಿದ್ದಳು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಳು.

"ನಡಿ ಅಜ್ಜಿ, ಬಾಯಾರ ಮನಿಗೆ."

ಹೋಗಲು ನನಗೇ ಧೈರ್ಯವಿರಲಿಲ್ಲ. ಫೋನಿನಲ್ಲಿ ದನಿ ಕೇಳಿ ತಿಳಿದುಕೊಳ್ಳುವವಳು ಎಂದು ಹೆಸರಾದ ನಾನು ಈಗ ಯಾವ ಮುಖ ತೋರಿಸಲಿ? ಅವರು ಇನ್ನು ನನ್ನ ಡಬ್ಬಿ ಮುಟ್ಟುತ್ತಾರೋ ಇಲ್ಲವೋ, ರಿಕ್ಷಾದಲ್ಲಿ ಅದೊಂದೇ ತಲೆಯಲ್ಲಿ ತಿರುಗುತ್ತಿತ್ತು. ಡಬ್ಬಿ ಬೇಡವೆಂದರೆ ಸಂಬಂಧ ಬೇಡವೆಂದೇ.

ಬಾಗಿಲು ತೆಗೆದವರು ಬಾಯಾರೇ. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಕಾಲಿಗೆ ಬಿದ್ದಳು. "ತಪ್ಪು ನಂದ್ರಿ ಬಾಯಾರ. ಅಜ್ಜಿ ಹೇಳಿದ್ಲು, ನಾ ಬರಕೊಳ್ಳಲಿಲ್ಲ." ಸರ್‌ನ ಮೇಲೆ ಹಾಕಬಹುದಿತ್ತು, ಹಾಕಲಿಲ್ಲ.

ಬಾಯಾರು ಅವಳನ್ನು ಎಬ್ಬಿಸಿ ಕೂರಿಸಿದರು. ಯಜಮಾನರ ಮೊಬೈಲು ಅವರ ಫೋಟೋದ ಮುಂದೆ ಇತ್ತು, ಚಾರ್ಜಿಗೆ ಹಚ್ಚಿಯೇ ಇತ್ತು. "ಅವರು ಹೋದಾಗಿಂದ ಇದು ಬಾಯಿ ಬಿಟ್ಟಿರಲಿಲ್ಲವ್ವಾ. ಯಾರೋ ನೆನಪು ಮಾಡ್ಯಾರ ಅಂತ ಒಲಿ ಬಿಟ್ಟು ಓಡಿ ಬಂದೆ. ನೋಡಿದ್ರ ಚಕ್ಕಲಿ."

ಚಹಾ ಕೊಟ್ಟರು. ಹಬ್ಬದ ಮಾತು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಮನೆಗೆ ಬಂದ ಮೊಮ್ಮಗಳು ಮೊದಲು ಆ ನತ್ತಿನ ಮುದುಕಿಯನ್ನು ತೆಗೆದುಹಾಕಿದಳು, ಐದು ಸಾವಿರವನ್ನೂ ತೆಗೆದಳು. ಅಂಕಿ ಹನ್ನೊಂದಕ್ಕೆ ಬಂದು ನಿಂತಿತು. ಅದರಲ್ಲಿ ಎಂಟು ಸಲ ನೋಡಿದವಳು ಅವಳೇ. ಆಮೇಲೆ ನಾಲ್ಕನೇ ಕಾಲಂ ಮಾಡಿ ಡೈರಿಯ ಹೆಸರುಗಳನ್ನು ಮತ್ತೆ ಒಂದೊಂದಾಗಿ ಓದುತ್ತ ಹೋದಳು. ನಾನು ಹೇಳಿದೆ, ಅವಳು ಬರೆದಳು. ಯಾರಿಗೆ ಸಕ್ಕರೆ ಕಾಯಿಲೆ, ಯಾರ ಮಗಳು ಬಾಣಂತಿ, ಯಾರ ಮನೆಯಲ್ಲಿ ಈ ಸಲ ಇಲ್ಲ. ಕಾಲಂಗೆ "ಕೇಳಿ ಕಳಿಸು" ಎಂದು ಹೆಸರಿಟ್ಟಳು. ಮೆಸೇಜು, ಈಮೇಲು ಬೇಡವೆಂದು ನಾನು ಎಂದೂ ಹೇಳಿದವಳಲ್ಲ. ಆರ್ಡರು ತಲುಪಿತು, ಡಬ್ಬಿ ಇಂಥ ಹೊತ್ತಿಗೆ ಬರುತ್ತದೆ ಎಂದು ತಿಳಿಸಲು ಅದರಂಥದು ಇನ್ನೊಂದಿಲ್ಲ. ಮೊದಲ ಮಾತು ಮಾತ್ರ ಬಾಯಿಯಿಂದ ಆಗಬೇಕು.

ನರಕ ಚತುರ್ದಶಿಯ ದಿನ ಬಾಯಾರ ಬಾಗಿಲಲ್ಲಿ ಡಬ್ಬಿ ಕೊಟ್ಟು ಬಂದೆ. ಅವರು ತೆಗೆದುಕೊಂಡು ಒಳಗೆ ಹೋದರು. ಹಾಗೆಯೇ ತುಂಬಿದ್ದು ತಿರುಗಿ ಬರಬಹುದೆಂದು ನಾಲ್ಕು ದಿನ ನನಗೆ ಊಟ ರುಚಿಸಲಿಲ್ಲ.

ಐದನೆಯ ದಿನ ಬಾಯಾರ ಕೆಲಸದಾಕೆ ಡಬ್ಬಿ ತಂದುಕೊಟ್ಟಳು. ಮೊಮ್ಮಗಳು ಮುಚ್ಚಳ ತೆಗೆದು ನೋಡಿದಳು, ಮುಖ ಸಣ್ಣದು ಮಾಡಿದಳು. "ಅಜ್ಜಿ, ಒಳಗ ಏನೂ ಇಲ್ಲ."

ನಾನು ಡಬ್ಬಿ ಇಸಿದುಕೊಂಡು ಬೆರಳು ಆಡಿಸಿದೆ. ತೊಳೆದು, ಒರೆಸಿ, ಒಣಗಿಸಿ ಕಳಿಸಿದ್ದರು. ಬೇಕಾದವರ ಮನೆಯ ಡಬ್ಬಿಯಂತೆ, ಬರಿದೇ. ನನಗೆ ನಗೆ ತಡೆಯಲಾಗಲಿಲ್ಲ. ಪಿಳಿಪಿಳಿ ನೋಡುತ್ತಿದ್ದ ಮೊಮ್ಮಗಳಿಗೆ ಸಾವಾದ ಮನೆಯ ಡಬ್ಬಿಯ ರೀತಿ ಆಮೇಲೆ ನೆನಪಾಯಿತು. ಅವಳೂ ನಕ್ಕಳು. ಕಂಪ್ಯೂಟರಿನ ಮುಂದೆ ಕುಳಿತು, ಬಾಯಾರ ಹೆಸರಿನ ಮುಂದೆ, ನಾಲ್ಕನೇ ಕಾಲಂನಲ್ಲಿ, "ಡಬ್ಬಿ ಖಾಲಿ ಬಂತು" ಎಂದು ಬರೆದಳು.