ಸ್ಟೀಮ್ ಪೈಪಿನ ಕೆಳಗೆ ಊಟ

ಹುಬ್ಬಳ್ಳಿ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಬಾಡಿಗೆಗಿದ್ದ ವರ್ಷಗಳಲ್ಲಿ ನನ್ನ ಕೆಲಸ ಏನೆಂದು ಮನೆ ಓನರ್ ಆಂಟಿಗೆ ಕೊನೆಯವರೆಗೂ ಅರ್ಥವಾಗಲಿಲ್ಲ. "ಪೈಪಿಗೆ ಸ್ಕ್ಯಾನಿಂಗ್ ಮಾಡ್ತಾಳೆ" ಎಂದು ನೆರೆಯವರಿಗೆ ಹೇಳುತ್ತಿದ್ದರು. ಅದು ತಪ್ಪೇನಲ್ಲ. ಜೆ.ಪಿ. ನಗರದಲ್ಲಿ ಒಂದು ಮನೆಯ ಮಹಡಿಯ ಮೇಲೆ ನಮ್ಮ ಆಫೀಸು. ಕಾರ್ಖಾನೆಗಳ ಕಬ್ಬಿಣದ ಪೈಪುಗಳನ್ನು ಕತ್ತರಿಸದೆ, ಅವು ಎಲ್ಲಿ ತುಕ್ಕು ತಿಂದು ತೆಳುವಾಗಿವೆ ಎಂದು ಹೇಳಬೇಕಿತ್ತು. ಪೈಪಿನ ಸುತ್ತ ಬಳೆಯಂತೆ ಒಂದು ರಿಂಗು ಬಿಗಿಯುತ್ತಿದ್ದೆವು. ಅದರಿಂದ ಹೊರಟ, ಕಿವಿಗೆ ಕೇಳಿಸದ ಅಲೆ ಲೋಹದೊಳಗೇ ಉದ್ದಕ್ಕೆ ಓಡುತ್ತಿತ್ತು. ವೆಲ್ಡಿಂಗ್ ಇದ್ದಲ್ಲಿ, ಸವೆದಲ್ಲಿ, ಅದರಲ್ಲಿ ಒಂದಿಷ್ಟು ಹಿಂದಕ್ಕೆ ಬಂದು ಸ್ಕ್ರೀನಿನ ಮೇಲೆ ಗೆರೆಯಾಗಿ ಏಳುತ್ತಿತ್ತು. ಪೈಪಿನ ಹೊದಿಕೆಯನ್ನು ಒಂದೇ ಕಡೆ ಬಿಚ್ಚಿದರೆ ಸಾಕು, ಅಲ್ಲಿಂದ ಎರಡೂ ಬದಿಗೆ ಬಹಳ ದೂರ ನೋಡಬಹುದಿತ್ತು.

ಆ ವರ್ಷ ಅರೆಕೆರೆಯ ಆಚೆ ಒಂದು ಗಾರ್ಮೆಂಟ್ಸ್ ಫ್ಯಾಕ್ಟರಿಯ ಕೆಲಸ ಬಂತು. ಬಾಯ್ಲರ್‌ನಿಂದ ಇಸ್ತ್ರಿ ವಿಭಾಗಕ್ಕೆ ಹೋಗುವ ಸ್ಟೀಮ್ ಪೈಪು. ಭಾನುವಾರ ಬಾಯ್ಲರ್ ಆರಿಸಿ, ಪೈಪು ತಣ್ಣಗಾದ ಮೇಲೆ ನಾನೂ ನನ್ನ ಸೀನಿಯರೂ ರಿಂಗು ಕಟ್ಟಿದೆವು. ಅವರು ವಿಲ್ಸನ್ ಗಾರ್ಡನ್ನಿನವರು, ಈ ಕೆಲಸದಲ್ಲಿ ನನಗಿಂತ ಬಹಳ ಹಳಬರು, ಮಾತು ಕಡಿಮೆ. ಅಂಗಳದಲ್ಲಿ ಪೈಪು ಗೋಡೆಯನ್ನು ತೂರಿ ಆಚೆ ಹೋಗುವ ಕಡೆ, ಅದನ್ನು ಹೊತ್ತ ಬ್ರಾಕೆಟ್ ಇತ್ತು. ಅದರ ಗೆರೆ ಸ್ಕ್ರೀನಿನಲ್ಲಿ ಬರಬೇಕಾದದ್ದೇ. ಬಂತು. ಆದರೆ ಅದರ ಬುಡ ನನಗೆ ಅಗಲವಾಗಿ ಕಂಡಿತು, ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ನಿಂತ ಹಾಗೆ.

"ಸಾರ್, ಇಲ್ಲಿ ಬ್ರಾಕೆಟ್ ಅಷ್ಟೇ ಅಲ್ಲ ಅನಸ್ತದ್ರೀ. ಅದರ ಪಕ್ಕಕ್ಕ ಇನ್ನೇನೋ ಐತಿ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಬ್ರಾಕೆಟ್ಟೇ ಕಣಮ್ಮ. ವೆಲ್ಡ್ ಮಾಡಿರೋ ಬ್ರಾಕೆಟ್ ಹಿಂಗೇ ತೋರ್ಸೋದು. ಪ್ಯಾಕ್ ಮಾಡು."

ಪ್ಯಾಕ್ ಮಾಡಿದೆ. ಸೋಮವಾರ ರಿಪೋರ್ಟ್ ಟೈಪ್ ಮಾಡುವಾಗ ಆ ಚಿತ್ರವನ್ನು ಮತ್ತೆ ಮತ್ತೆ ತೆರೆದು ನೋಡಿದೆ. ಮಧ್ಯಾಹ್ನದ ಹೊತ್ತಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಕೇಬಲ್ ಮರೆತು ಬಂದಿದ್ದೇನೆ ಎಂದು ಸುಳ್ಳು ಹೇಳಿ ಬಸ್ಸು ಹತ್ತಿದೆ. ಹೋಗಿ ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಬಾಯ್ಲರ್ ಉರಿಯುತ್ತಿರುವಾಗ ಪೈಪನ್ನು ಮುಟ್ಟಲೂ ಆಗದು.

ಫ್ಯಾಕ್ಟರಿಯಲ್ಲಿ ಊಟದ ಬಿಡುವು. ಭಾನುವಾರ ಖಾಲಿಯಿದ್ದ ಆ ಅಂಗಳದಲ್ಲಿ ಈಗ ಹೆಂಗಸರು ತುಂಬಿದ್ದರು. ಗೋಡೆಗೆ ಒರಗಿ, ಸರಿಯಾಗಿ ಆ ಬ್ರಾಕೆಟ್ಟಿನ ಕೆಳಗೆ, ನೆರಳಲ್ಲಿ ಸಾಲಾಗಿ ಕೂತು ಡಬ್ಬಿ ಬಿಚ್ಚಿದ್ದರು. ತಲೆಯ ಮೇಲೆ ಪೈಪಿನೊಳಗೆ ಆವಿ ನುಗ್ಗುತ್ತಿತ್ತು.

ಹತ್ತಿರವಿದ್ದ ಒಬ್ಬ ಹೆಂಗಸಿಗೆ ಹೇಳಿದೆ. ಹೊಲಿಗೆ ಸಾಲೊಂದರ ಸೂಪರ್‌ವೈಸರ್ ಆಕೆ, ಉತ್ತರಹಳ್ಳಿಯಿಂದ ಬರುತ್ತಿದ್ದಳು ಎಂದು ಆಮೇಲೆ ತಿಳಿಯಿತು. "ಅಕ್ಕಾ, ಈ ವಾರ ಇಲ್ಲಿ ಕೂಡಬ್ಯಾಡ್ರಿ. ಆ ಕಡೆ ಕೂಡ್ರಿ."

"ಯಾಕೆ ಮೇಡಂ?"

"ಮ್ಯಾಲಿನ ಪೈಪ್ ಮ್ಯಾಲೆ ಡೌಟ್ ಐತ್ರಿ."

"ಒಡೆಯುತ್ತೆ ಅಂತೀರಾ?"

"ಗೊತ್ತಿಲ್ಲ."

ಆಕೆ ತುತ್ತು ಕೈಯಲ್ಲೇ ಹಿಡಿದು ನನ್ನನ್ನು ನೋಡಿದಳು. "ನಿಮಗೆ ಗೊತ್ತಿಲ್ದೆ ಇರೋದಕ್ಕೆ ನಾವು ಬಿಸಿಲಿಗೆ ಹೋಗ್ಬೇಕಾ?"

ಯಾರೋ ನಕ್ಕರು. ಅಷ್ಟರಲ್ಲಿ ಮ್ಯಾನೇಜರ್ ಬಂದರು. ದನಿ ಏರಿಸಲಿಲ್ಲ. ಗೇಟಿನವರೆಗೂ ಜೊತೆಗೆ ನಡೆದು, "ಮೇಡಂ, ಶಿಪ್‌ಮೆಂಟ್ ಇದೆ. ನೂರಾರು ಜನ ಇದಾರೆ ಇಲ್ಲಿ. ಸುಮ್ನೆ ಭಯ ಹುಟ್ಟಿಸ್ಬೇಡಿ. ಏನಿದ್ರೂ ರಿಪೋರ್ಟಲ್ಲಿ ಬರೀರಿ" ಎಂದರು.

ನಾನು ಆಫೀಸಿಗೆ ಮರಳುವ ಮೊದಲೇ ಅವರ ಫೋನು ತಲುಪಿತ್ತು. ಸೀನಿಯರ್ ಬೈಯುತ್ತಾರೆಂದುಕೊಂಡೆ. ಅವರು ಚಿತ್ರವನ್ನು ತೆರೆದಿಟ್ಟುಕೊಂಡು ಕೂತಿದ್ದರು. "ಹೇಳದೆ ಕೇಳದೆ ಹೋಗಿದ್ದು ತಪ್ಪು" ಎಂದಷ್ಟೇ ಹೇಳಿ, ನನ್ನೆದುರಿಗೇ ಮ್ಯಾನೇಜರಿಗೆ ಫೋನು ಮಾಡಿದರು. ರಿಪೋರ್ಟ್ ಈಗಲೇ ಕೊಡುವುದಿಲ್ಲ, ಗೋಡೆಯ ಇನ್ನೊಂದು ಬದಿಯಿಂದ ಮತ್ತೊಮ್ಮೆ ನೋಡಬೇಕು, ಬಾಯ್ಲರ್ ನಿಲ್ಲಿಸಿ ಎಂದರು. ಆ ಕಡೆಯಿಂದ ಬಂದ ಉತ್ತರ ಒಂದೇ: ಭಾನುವಾರ ಬನ್ನಿ. ಆವಿಯ ಒತ್ತಡ ಇಳಿಸಲು ಮಾತ್ರ ಒಪ್ಪಿಕೊಂಡರಂತೆ. ನಿಜವಾಗಿ ಇಳಿಸಿದರೋ ಇಲ್ಲವೋ ನನಗೆ ತಿಳಿಯದು.

ಆ ವಾರ ಹೇಗೆ ಕಳೆಯಿತೋ. ಅನ್ನ ತಟ್ಟೆಯಲ್ಲೇ ಆರುತ್ತಿತ್ತು. ಎಲ್ಲೋ ಕುಕ್ಕರ್ ಕೂಗಿದರೆ ಮೈ ಜುಮ್ಮೆನ್ನುತ್ತಿತ್ತು. "ಯಾಕಮ್ಮ, ರಾತ್ರಿಯೆಲ್ಲ ಮೇಲಿನ ರೂಮಲ್ಲಿ ಬರೀ ಓಡಾಡ್ತಾ ಇರ್ತೀಯಲ್ಲ, ಊರಲ್ಲಿ ಎಲ್ಲ ಚೆನ್ನಾಗಿದಾರಾ?" ಎಂದು ಆಂಟಿ ಕೇಳಿದರು. ಚೆನ್ನಾಗಿದ್ದಾರೆ ಎಂದೆ. ಮಧ್ಯಾಹ್ನ ಊಟದ ಹೊತ್ತಾದರೆ ನನ್ನ ಕಣ್ಣು ಆಫೀಸಿನ ಫೋನಿನ ಮೇಲೇ ಇರುತ್ತಿತ್ತು. ಇನ್ನೊಂದು ಯೋಚನೆಯೂ ಕಾಡುತ್ತಿತ್ತು. ಅಲ್ಲಿ ಏನೂ ಇಲ್ಲದಿದ್ದರೆ? ಆ ಹೆಂಗಸರ ನಗು ಆಗಲೇ ಕೇಳಿಸುತ್ತಿತ್ತು. ಏನಾದರೂ ಇರಲಿ ಎಂದು ಒಮ್ಮೆ ಮನಸ್ಸು ಬಯಸಿತು. ಬಯಸಿದ್ದಕ್ಕೆ ನಾಚಿಕೆಯಾಯಿತು.

ಭಾನುವಾರ ರಿಂಗನ್ನು ಗೋಡೆಯ ಆಚೆ ಬದಿಗೆ ಕಟ್ಟಿದೆವು. ಈ ಸಲ ಗೆರೆಗಳು ಬೇರೆಬೇರೆಯಾಗಿಯೇ ಎದ್ದವು. ಒಂದು ಬ್ರಾಕೆಟ್. ಅದರಿಂದ ಒಂದು ಗೇಣಿನಷ್ಟು ಅಂಗಳದ ಬದಿಗೆ ಇನ್ನೊಂದು. ಸೀನಿಯರ್ ಏಣಿ ಹತ್ತಿ, ಹೊದಿಕೆಯ ಅಲ್ಯೂಮಿನಿಯಂ ತಗಡನ್ನು ಕತ್ತರಿಸಿದರು. ಒಳಗಿನ ಉಣ್ಣೆಯಂಥ ಪದರ ಹಿಂಡಿದರೆ ನೀರು ಸುರಿಯುವಷ್ಟು ನೆನೆದಿತ್ತು. ತಗಡಿನ ಸಂದಿಯಿಂದ ಎಷ್ಟು ಮಳೆಗಾಲದ ನೀರು ಇಳಿದಿತ್ತೋ. ಪೈಪಿನ ಹೊಟ್ಟೆಯ ಭಾಗದಲ್ಲಿ ತುಕ್ಕು ಪದರ ಪದರವಾಗಿ ಎದ್ದಿತ್ತು. ಕೆರೆದು ಅಳೆದಾಗ ಉಳಿದಿದ್ದ ಲೋಹ, ನಮ್ಮೂರಲ್ಲಿ ರೊಟ್ಟಿ ಬೇಯಿಸುವ ತಗಡಿನ ಹಂಚಿನಷ್ಟು ತೆಳು.

ಮ್ಯಾನೇಜರ್ ಕೆಳಗೆ ನಿಂತು ನೋಡಿದರು. "ಇಷ್ಟು ದಿನ ಹೆಂಗ್ ತಡೀತು ಸಾರ್ ಇದು?" ಎಂದರು. ಸೀನಿಯರ್ ಏಣಿಯಿಂದ ಇಳಿದು ಬಂದರು. ಆ ತುಂಡನ್ನು ಬದಲಾಯಿಸುವವರೆಗೆ ಬಾಯ್ಲರ್ ಹಚ್ಚುವುದಿಲ್ಲ ಎಂದು ಅವರಿಂದ ಅಲ್ಲೇ ಬರೆಸಿಕೊಂಡರು. ವಾರವೆಲ್ಲ ಅಲ್ಲಿ ಊಟಕ್ಕೆ ಯಾರಾದರೂ ಕೂತಿದ್ದರೇ ಎಂದು ವಾಚ್‌ಮನ್‌ನನ್ನು ಕೇಳಿದೆ. "ಎಲ್ಲಾರೂ ಅಲ್ಲೇ ಕೂತ್ಕೊತಿದ್ರು ಮೇಡಂ" ಎಂದ. "ನೀವು ಅವತ್ತು ಮಾತಾಡ್ಸಿದ ಸೂಪರ್‌ವೈಸರಮ್ಮ ಮಾತ್ರ ಬುಧವಾರದಿಂದ ಆಚೆ ಕೂತ್ಕೊಂಡ್ರು. ಯಾಕೆ ಅಂತ ಕೇಳಿದ್ದಕ್ಕೆ 'ಸುಮ್ನೆ' ಅಂದ್ರು."

ವಾಪಸು ಬರುವಾಗ ಬನ್ನೇರುಘಟ್ಟ ರಸ್ತೆಯ ಒಂದು ಅಂಗಡಿಯಲ್ಲಿ ಟೀ ಕುಡಿದೆವು. ಸೀನಿಯರ್ ಲೋಟ ತಿರುಗಿಸುತ್ತ ಹೇಳಿದರು, "ಮೊದಲನೇ ದಿನಾನೇ ನನಗೂ ಅನುಮಾನ ಬಂದಿತ್ತು ಕಣಮ್ಮ. ಹಿಂದೆ ಒಂದು ಕಡೆ ಹಿಂಗೇ ಅಂದು ಪೈಪ್ ಹೊದಿಕೆ ಬಿಚ್ಚಿಸಿದ್ದೆ. ಏನೂ ಇರ್ಲಿಲ್ಲ. ಎಲ್ರ ಮುಂದೆ ತಲೆ ತಗ್ಗಿಸ್ಬೇಕಾಯ್ತು."

ಇದನ್ನು ಕೇಳಿ ನನಗೆ ಸಮಾಧಾನವಾಗಬೇಕಿತ್ತೇನೋ. ಸಿಟ್ಟು ಬಂತು. ಅನುಮಾನವಿದ್ದೂ ಅಂದು ಬ್ರಾಕೆಟ್ಟೇ ಎಂದು ನನ್ನ ಬಾಯಿ ಮುಚ್ಚಿಸಿದ್ದರು; ಇಡೀ ವಾರ ನಾನೊಬ್ಬಳೇ ಒದ್ದಾಡಿದೆ ಅಂದುಕೊಂಡಿದ್ದೆ. ಅವರ ಸ್ಕೂಟರ್ ಹತ್ತದೆ, ಬಸ್ಸಿಗೆ ಹೋಗುತ್ತೇನೆ ಎಂದೆ. ಅವರು ಒತ್ತಾಯ ಮಾಡಲಿಲ್ಲ. ಸ್ಟಾಪಿನಲ್ಲಿ ಬಸ್ಸು ಬರುವವರೆಗೆ ಸ್ಕೂಟರಿನ ಮೇಲೆ ಕೂತೇ ಇದ್ದರು. ನಾನು ಹತ್ತಿದ ಮೇಲೆ ಹೊರಟರು.